ಹಳೆಯ ಹೆಸರುಗಳೂ ಸಂಸರ್ಗದೋಷವೂ

‘ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹೆಸರಿನ ಅರ್ಥಕ್ಕೂ ಅದನ್ನು ಹೊತ್ತವನ ಬಾಳಿಗೂ ನಂಟಿರಲೇಬೇಕೆಂಬ ನಿಯಮವಿಲ್ಲವೆಂದು ಹಿಂದಿನವರು ಅರಿತಿದ್ದರೆಂಬುದಕ್ಕೆ ಈ ಮಾತೊಂದೇ ಸಾಕು. ಆದರೂ ಗಂಡುಮಗುವೊಂದು ಹುಟ್ಟಿ ನಾಮಕರಣದ ದಿನ ಸಮೀಪಿಸಿತೆಂದರೆ ವಿದ್ಯಾವಂತರ ಮನೆಗಳಲ್ಲಿ ದೊಡ್ಡ ಚರ್ಚೆಯೇ ಮೊದಲಾಗುತ್ತದೆ. ಅಜ್ಜಿಯಾದವಳು ಮನೆದೇವರನ್ನು ನೆನೆದು ‘ತಿಮ್ಮಪ್ಪ’ ಎನ್ನುತ್ತಾಳೆ. ಮಗನೂ ಸೊಸೆಯೂ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಯಾರೋ ಮೆಲ್ಲನೆ ನಗುತ್ತಾರೆ. ಮಾತು ಬೇರೆ ಕಡೆಗೆ ಹೊರಳುತ್ತದೆ. ಅಜ್ಜಿ ಕಾರಣವನ್ನು ಕೇಳಿದಳಾದರೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ: ಹೆಸರು ಹಳೆಯದು, ಕಿವಿಗೆ ಹಿತವಾಗಿಲ್ಲ, ಅರ್ಥ ಚೆನ್ನಾಗಿಲ್ಲ. ಈ ಮೂರನ್ನೂ ಒರೆಗೆ ಹಚ್ಚಿ ನೋಡಿದರೆ ಒಂದೂ ನಿಲ್ಲುವುದಿಲ್ಲ. ನಿಲ್ಲತಕ್ಕ ನಾಲ್ಕನೆಯ ಕಾರಣವೊಂದುಂಟು. ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹಳೆಯದೆಂಬ ಆಕ್ಷೇಪವನ್ನು ಮೊದಲು ನೋಡಬಹುದು. ಇಂದು ಬಹುಜನಪ್ರಿಯವಾದ ಆದಿತ್ಯ ಎಂಬ ಹೆಸರು ವೇದದಷ್ಟು ಹಳೆಯದು. ಅರ್ಜುನ, ಅಭಿಮನ್ಯು ಮೊದಲಾದವು ಭಾರತದ ಕಾಲದವು. ತಿಮ್ಮಪ್ಪನೆಂಬ ಹೆಸರು ಇವುಗಳ ಮುಂದೆ ನಿನ್ನೆ ಮೊನ್ನೆಯದು. ಇನ್ನು ಕಿವಿಯ ಮಾತು. ತಿಮ್ಮ ಎಂಬಲ್ಲಿ ಕೇಳಿಬರುವ ಮಕಾರದ ದ್ವಿತ್ವವೇ ‘ಅಮ್ಮ’ ಎಂಬಲ್ಲಿಯೂ ಇದೆ. ಆ ಶಬ್ದಕ್ಕಿಂತ ಇಂಪಾದುದು ಕನ್ನಡದಲ್ಲಿ ಮತ್ತಾವುದು? ಅರ್ಥವನ್ನು ವಿಚಾರಿಸಿದರೂ ಹಾಗೆಯೇ. ಕನ್ನಡಿಗರ ಬಾಯಲ್ಲಿ ತಿಮ್ಮಪ್ಪನೆಂದರೆ ತಿರುಪತಿಯ ವೆಂಕಟೇಶ್ವರನೇ. ನಿಂಗನೆಂದರೆ ಲಿಂಗ, ಶೀನನೆಂದರೆ ಶ್ರೀನಿವಾಸ, ಸುಬ್ಬನೆಂದರೆ ಸುಬ್ರಹ್ಮಣ್ಯ, ಕಿಟ್ಟನೆಂದರೆ ಕೃಷ್ಣ. ದೇವರ ಹೆಸರಿಗೆ ಅರ್ಥ ಚೆನ್ನಾಗಿಲ್ಲವೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು.

ಈ ಮಾತಿಗೆ ಎಲ್ಲಕ್ಕಿಂತಲೂ ಬಲವಾದ ನಿದರ್ಶನ ತುಳುನಾಡಿನಲ್ಲಿ ದೊರೆಯುತ್ತದೆ. ಅಲ್ಲಿಯ ದುಡಿಯುವ ಜನರಲ್ಲಿ, ಮುಖ್ಯವಾಗಿ ಅಸ್ಪೃಶ್ಯರೆಂದು ಊರಿನಿಂದ ದೂರವಿರಿಸಲ್ಪಟ್ಟವರಲ್ಲಿ, ಮಗು ಹುಟ್ಟಿದ ವಾರವೇ ಮಗುವಿನ ಹೆಸರಾಗುತ್ತಿತ್ತು. ಆದಿತ್ಯವಾರ ಹುಟ್ಟಿದವನು ಐತ, ಸೋಮವಾರದವನು ಚೋಮ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ಚನಿಯ. ಐತನೆಂಬುದೂ ಆದಿತ್ಯನೆಂಬುದೂ ಒಂದೇ ಶಬ್ದದ ಎರಡು ರೂಪಗಳು. ಎರಡಕ್ಕೂ ಮೂಲ ಸೂರ್ಯನೇ. ಒಂದನ್ನು ಬೆಳ್ಳಿಯ ಬಟ್ಟಲಿನ ಮೇಲೆ ಕೆತ್ತಿಸುವರು. ಇನ್ನೊಂದನ್ನು ಅಂಗಳದಾಚೆಗೆ ನಿಂತವನನ್ನು ಕರೆಯುವುದಕ್ಕಾಗಿ ಮೀಸಲಿಟ್ಟಿದ್ದರು. ಅರ್ಥ ಒಂದೇ, ಧಾತು ಒಂದೇ, ಭೇದವೆಲ್ಲ ಆ ಹೆಸರುಗಳು ಯಾರ ಸಂಗಡ ಬಾಳಿದುವೆಂಬುದರಲ್ಲಿದೆ. ಯಾರೂ ಹೇಳದ ನಾಲ್ಕನೆಯ ಕಾರಣ ಇದೇ. ಹೆಸರುಗಳಿಗೆ ಅಂಟಿರುವುದು ಸ್ವಭಾವದೋಷವಲ್ಲ, ಸಂಸರ್ಗದೋಷ.

ಆಲಂಕಾರಿಕರ ಪರಿಭಾಷೆಯಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ಹೇಳಬಹುದು. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಕಾವ್ಯದಲ್ಲಿ ವಾಚ್ಯಾರ್ಥವಲ್ಲದೆ ಅದರಾಚೆಗೆ ಹೊಳೆಯುವ ಧ್ವನಿಯೊಂದುಂಟೆಂದು ಸಾಧಿಸಿದನು. ಕಾವ್ಯಕ್ಕೆ ಹೇಳಿದ ಈ ಮಾತು ಅಂಕಿತನಾಮಕ್ಕೂ ಸಲ್ಲುತ್ತದೆ. ನಿಘಂಟಿನಲ್ಲಿ ಕಾಣುವುದು ಹೆಸರಿನ ವಾಚ್ಯಾರ್ಥ. ಆ ಹೆಸರನ್ನು ಕೇಳಿದೊಡನೆ ಮನಸ್ಸಿನ ಮುಂದೆ ಬಂದು ನಿಲ್ಲುವ ಮನುಷ್ಯ, ಅವನ ಉಡುಗೆ, ಅವನ ಕಸುಬು, ಅವನನ್ನು ಕೂಗುತ್ತಿದ್ದ ದನಿ, ಇವೆಲ್ಲವೂ ಅದರ ಧ್ವನಿ. ತೊಟ್ಟಿಲ ಮುಂದೆ ನಿಂತವರು ತೂಗಿ ನೋಡುವುದು ಈ ಧ್ವನಿಯನ್ನೇ. ಹೆಸರಿಡುವುದು ಮಾತ್ರ ವಾಚ್ಯಾರ್ಥದ ಮೇಲಣ ಆಕ್ಷೇಪ.

ಈ ಧ್ವನಿ ತಾನಾಗಿ ಹುಟ್ಟಿದುದೆಂದು ಭಾವಿಸುವುದು ತಪ್ಪು. ಅದನ್ನು ಬುದ್ಧಿಪೂರ್ವಕವಾಗಿ ಕಟ್ಟಿದ್ದಕ್ಕೆ ಶಾಸ್ತ್ರದಲ್ಲಿಯೇ ಪ್ರಮಾಣವಿದೆ. ಮನುಸ್ಮೃತಿಯ ಎರಡನೆಯ ಅಧ್ಯಾಯವು ಬ್ರಾಹ್ಮಣನ ಹೆಸರು ಮಂಗಳವನ್ನೂ, ಕ್ಷತ್ರಿಯನದು ಬಲವನ್ನೂ, ವೈಶ್ಯನದು ಧನವನ್ನೂ ಸೂಚಿಸಬೇಕೆಂದು ವಿಧಿಸಿ, ಶೂದ್ರನ ಹೆಸರು ಜುಗುಪ್ಸೆಯನ್ನುಂಟುಮಾಡುವಂತಿರಬೇಕೆಂದು ಹೇಳುತ್ತದೆ. ಎಂದರೆ ಹೆಸರನ್ನು ಕೇಳಿದ ಮಾತ್ರದಿಂದಲೇ ಎದುರಿಗೆ ಬಂದವನನ್ನು ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಾಗಬೇಕು. ಗ್ರಂಥದ ಈ ವಿಧಿ ಊರೂರಿನಲ್ಲಿಯೂ ಅಕ್ಷರಶಃ ನಡೆಯಿತೆಂದು ಹೇಳಬೇಕಾದುದಿಲ್ಲ. ಅದರ ಅಭಿಪ್ರಾಯವಂತೂ ಬಳಕೆಯಲ್ಲಿ ನಡೆದುಬಂದಿತು. ಒಂದೇ ದೇವರ ಹೆಸರು ಜಗಲಿಯ ಮೇಲೆ ಕುಳಿತವನಲ್ಲಿ ‘ವೆಂಕಟರಮಣಯ್ಯ’ನಾಗಿ ಹಿಗ್ಗಿತು, ಹೊಲದಲ್ಲಿ ದುಡಿಯುವವನಲ್ಲಿ ‘ವೆಂಕ’ನಾಗಿ ಕುಗ್ಗಿತು. ಹೆಸರಿನ ಉದ್ದವನ್ನು ಅಳೆದು ಭೂಮಿಯ ಒಡೆತನವನ್ನು ಊಹಿಸಬಹುದಾಗಿದ್ದ ಕಾಲವದು.

ಆದರೆ ಕೀಳಾಗಿ ಕಾಣುವ ಹೆಸರುಗಳೆಲ್ಲವೂ ತಿರಸ್ಕಾರದಿಂದಲೇ ಹುಟ್ಟಿದುವೆಂದು ಎಣಿಸಲಾಗದು. ಕೆಲವು ಹೆಸರುಗಳ ಹಿಂದೆ ತಾಯಿಯ ಭಯವಿದೆ. ಹುಟ್ಟಿದ ಮಕ್ಕಳು ಒಂದರ ಮೇಲೊಂದು ಸಾಯುತ್ತಿದ್ದ ಮನೆಗಳಲ್ಲಿ, ಉಳಿದ ಮಗುವಿನ ಮೇಲೆ ಮೃತ್ಯುವಿನ ಕಣ್ಣು ಬೀಳದಿರಲೆಂದು, ಬೇಕೆಂದೇ ಬೆಲೆಯಿಲ್ಲದ ಹೆಸರಿಡುವ ವಾಡಿಕೆಯಿತ್ತು. ಮಗುವನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪನೆಂದರು. ಕಲ್ಲಿನಂತೆ ಗಟ್ಟಿಯಾಗಿರಲೆಂದು ಗುಂಡನೆಂದರು, ಕಲ್ಲಪ್ಪನೆಂದರು. ಯಾರಿಗೂ ಬೇಡವಾದವನೆಂದು ತೋರಲೆಂದು ಹುಚ್ಚಪ್ಪನೆಂದರು, ತಿರುಕಪ್ಪನೆಂದರು. ಮೇಲ್ನೋಟಕ್ಕೆ ಬೈಗುಳದಂತಿರುವ ಈ ಹೆಸರುಗಳಲ್ಲಿರುವಷ್ಟು ಪ್ರೀತಿ ನಿಘಂಟಿನಿಂದ ಹುಡುಕಿ ತೆಗೆದ ಲಲಿತನಾಮಗಳಲ್ಲಿ ಇರಲಾರದು. ಸಿಡುಬೂ ಕಾಲರಾವೂ ಹಿಂದೆ ಸರಿದಂತೆ ಈ ಭಯ ಮರೆಯಾಯಿತು; ಭಯ ಮರೆಯಾದ ಮೇಲೆ ಪ್ರೀತಿಯೂ ಕಾಣದೆ ಹೋಗಿ ಬೈಗುಳ ಮಾತ್ರ ಉಳಿಯಿತು.

ಅಲ್ಲದೆ ಒಂದು ಸೀಮೆಯ ಧ್ವನಿ ಇನ್ನೊಂದು ಸೀಮೆಯಲ್ಲಿ ಕೇಳಿಸುವುದಿಲ್ಲ. ಚಿತ್ರದುರ್ಗದ ಕಡೆಯವರಿಗೆ ತಿಪ್ಪೇಸ್ವಾಮಿ ಎಂದೊಡನೆ ನೆನಪಾಗುವುದು ತಿಪ್ಪೆಯಲ್ಲ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಗುಡಿ ಮತ್ತು ಅಲ್ಲಿಯ ತೇರು. ಆ ಹೆಸರನ್ನು ಹೊತ್ತ ಎಚ್. ತಿಪ್ಪೇರುದ್ರಸ್ವಾಮಿಯವರು ಕರ್ನಾಟಕ ಸಂಸ್ಕೃತಿಯ ಸಮೀಕ್ಷೆಯನ್ನು ಬರೆದು ೧೯೬೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು. ಹಾಗೆಯೇ ಬಯಲುಸೀಮೆಯ ಪೇಟೆಯವನಿಗೆ ತಿಮ್ಮಯ್ಯನೆಂದರೆ ಹಳ್ಳಿಗನ ನೆನಪು ಬಂದೀತು. ಕೊಡಗಿನವರಿಗಾದರೋ ೧೯೫೭ರಿಂದ ೧೯೬೧ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ನೆನಪು ಬರುವುದು. ಅಕ್ಷರ ಒಂದೇ, ಕೇಳುವವನ ಊರು ಬೇರೆ. ಕಿವಿಗೆ ಹಿತವೋ ಅಹಿತವೋ ಎಂಬುದು ಕಿವಿಯ ಗುಣವಾಗಿದ್ದರೆ ಹೀಗೆ ಗಡಿ ದಾಟುತ್ತಲೇ ಬದಲಾಗುತ್ತಿತ್ತೇ?

ಇಷ್ಟರಿಂದ ಹೆಸರುಗಳ ಮಾನಾಪಮಾನಗಳು ಅವುಗಳ ಒಡನಾಟದಿಂದ ಬಂದುವೆಂಬುದು ವಿಶದವಾಯಿತು. ಈ ಒಡನಾಟವನ್ನು ಏರ್ಪಡಿಸುವವರಲ್ಲಿ ಸಾಹಿತಿಯೂ ಒಬ್ಬ. ಅವನ ಪಾಲು ಎಷ್ಟೆಂಬುದು ವಿಮರ್ಶೆಗೆ ನೇರವಾಗಿ ಸೇರಿದ ಪ್ರಶ್ನೆ. ಇದಕ್ಕೆ ತಿಮ್ಮನ ಚರಿತ್ರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ಹದಿನಾರನೆಯ ಶತಮಾನದಲ್ಲಿ ಇದು ಹಾಸ್ಯದ ಹೆಸರಾಗಿರಲಿಲ್ಲ. ಕೃಷ್ಣದೇವರಾಯನು ಅಪ್ಪಾಜಿಯೆಂದು ಗೌರವಿಸುತ್ತಿದ್ದ ಮಂತ್ರಿ ಸಾಳುವ ತಿಮ್ಮರಸು. ಕುಮಾರವ್ಯಾಸನು ಉಳಿಸಿದ್ದ ಪರ್ವಗಳನ್ನು ಕನ್ನಡದಲ್ಲಿ ರಚಿಸಿ ಆ ರಾಜನ ಹೆಸರಿನಿಂದ ಭಾರತವನ್ನು ಪೂರ್ಣಗೊಳಿಸಿದ ಕವಿ ತಿಮ್ಮಣ್ಣ. ಮುಂದೆ ಬಂದ ಶತಮಾನಗಳಲ್ಲಿ ಹೆಸರು ಅರಮನೆಯಿಂದ ಅಂಗಳಕ್ಕೆ, ಅಂಗಳದಿಂದ ಕೊಟ್ಟಿಗೆಗೆ ಇಳಿಯಿತು. ಕೊನೆಗೆ ‘ಮಂಕು’ ಎಂಬ ವಿಶೇಷಣ ಅದಕ್ಕೆ ಅಂಟಿಕೊಂಡು, ಬುದ್ಧಿ ಸಾಲದವನನ್ನು ಮಂಕುತಿಮ್ಮನೆಂದು ಕರೆಯುವುದು ರೂಢಿಯಾಯಿತು. ಡಿ. ವಿ. ಗುಂಡಪ್ಪನವರು ೧೯೪೩ರಲ್ಲಿ ತಮ್ಮ ತತ್ತ್ವಕಾವ್ಯಕ್ಕೆ ‘ಮಂಕುತಿಮ್ಮನ ಕಗ್ಗ’ವೆಂದು ಹೆಸರಿಟ್ಟಾಗ ಈ ಬೈಗುಳವನ್ನೇ ಕೈಗೆತ್ತಿಕೊಂಡರು. ವೇದಾಂತವನ್ನು ಬಲ್ಲವನು ಋಷಿಯ ಹೆಸರನ್ನು ಧರಿಸಿ ಬರುವನೆಂದು ನಿರೀಕ್ಷಿಸಿದ್ದ ಲೋಕದ ಮುಂದೆ ಊರಿನ ದಡ್ಡನ ಹೆಸರು ಬಂದು ನಿಂತಿತು. ಅವರ ನಿಧನಾನಂತರ ಪ್ರಕಟವಾದ ಇನ್ನೊಂದು ಕಗ್ಗಕ್ಕೂ ‘ಮರುಳ ಮುನಿಯ’ನೇ ಒಡೆಯ. ತಿಮ್ಮ, ಮುನಿಯ, ಎರಡೂ ಜನಸಾಮಾನ್ಯರ ಹೆಸರುಗಳೆಂಬುದು ಆಕಸ್ಮಿಕವಾಗಿರಲಾರದು. ಇಂದು ಕನ್ನಡ ಬಲ್ಲವರ ಮನೆಗಳಲ್ಲಿ ಮಂಕುತಿಮ್ಮನೆಂದರೆ ದಡ್ಡನೆಂಬ ಅರ್ಥ ಹಿಂದೆ ಸರಿದು ವಿವೇಕಿಯೆಂಬ ಅರ್ಥವೇ ಮುಂದಾಗಿದೆ. ಇದೇ ಹೆಸರಿನಿಂದ ಬೀಚಿಯವರು ತಮ್ಮ ತಿಂಮನನ್ನು ಸೃಷ್ಟಿಸಿ ನಗೆಯ ದಾರಿಯಲ್ಲಿ ನಡೆಸಿದರು. ಆದರೆ ಆ ತಿಂಮ ನಗೆಗೀಡಾಗುವವನಷ್ಟೇ ಅಲ್ಲ, ಲೋಕವನ್ನೇ ನಗೆಗೀಡುಮಾಡುವವನು. ಹೀಗೆ ಒಂದೇ ಹೆಸರನ್ನು ಇಬ್ಬರು ಬರಹಗಾರರು ಎರಡು ಮಾರ್ಗಗಳಿಂದ ಅವಮಾನದಿಂದ ಬಿಡಿಸಿದರು.

ಕಥೆ ಕಾದಂಬರಿಗಳಲ್ಲಿಯೂ ಇಂಥ ಉದ್ಧಾರಗಳು ನಡೆದಿವೆ. ಮಾಸ್ತಿಯವರ ‘ಸುಬ್ಬಣ್ಣ’ನಲ್ಲಿ ಮನೆಮನೆಯಲ್ಲಿ ಸವೆದ ಹೆಸರೊಂದು ಸಂಗೀತಗಾರನೊಬ್ಬನ ಜೀವನಚರಿತ್ರೆಯ ಗಾಂಭೀರ್ಯವನ್ನು ತಾಳಿತು. ಶಿವರಾಮ ಕಾರಂತರು ೧೯೩೩ರಲ್ಲಿ ‘ಚೋಮನ ದುಡಿ’ಯನ್ನು ಬರೆದಾಗ, ತುಳುನಾಡಿನ ಆ ವಾರದ ಹೆಸರುಗಳು ಕಾದಂಬರಿಯ ನಡುಮನೆಯನ್ನು ಪ್ರವೇಶಿಸಿದುವು. ಚೋಮನೂ ಅವನ ಮಕ್ಕಳಾದ ಗುರುವ ಚನಿಯರೂ ವಾರದ ಮೂರು ದಿನಗಳೇ. ತಂದೆಯ ಬಯಕೆಯೋ ತುಂಡು ಭೂಮಿಯನ್ನು ತಾನೇ ಬೇಸಾಯ ಮಾಡಬೇಕೆಂಬ ಒಂದೇ ಬಯಕೆ. ಆ ಬಯಕೆ ಈಡೇರದೆ ದುಡಿಯ ಸದ್ದಿನಲ್ಲಿ ಮುಗಿದುಹೋದ ಅವನ ಬಾಳನ್ನು ಓದಿದವರಿಗೆ ಚೋಮನೆಂಬ ಹೆಸರು ಮತ್ತೆ ಹಗುರವಾಗಿ ಕೇಳಿಸುವುದಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಕಾದಂಬರಿಯಲ್ಲಿ ಗುತ್ತಿಯೂ ಐತನೂ ಒಡೆಯರ ಸರಿಸಮಾನರಾಗಿ ಕಥೆಯನ್ನು ಹೊರುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಕೃತಿಯಲ್ಲಿ, ಹೆಸರಿನಲ್ಲಿಯೇ ಮಂದಬುದ್ಧಿಯನ್ನು ಸೂಚಿಸುವಂತೆ ತೋರುವ ಮಂದಣ್ಣನು, ವಿಜ್ಞಾನಿಯೊಬ್ಬನು ಮೆಚ್ಚತಕ್ಕ ಸಹಜ ಪ್ರಕೃತಿಜ್ಞನೆಂದು ಪ್ರಕಟವಾಗುತ್ತಾನೆ. ಮಂದಣ್ಣನೆಂಬುದು ಕೊಡವರಲ್ಲಿ ಗೌರವದ ಹೆಸರೇ ಆಗಿರುವುದು ಬೇರೆ ಮಾತು.

ಇಷ್ಟೆಲ್ಲ ನಡೆದ ಮೇಲೂ ಒಂದು ಸಂಗತಿಯನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ಸಾಹಿತ್ಯವು ಹೆಸರಿಗೆ ಗೌರವವನ್ನು ತಂದುಕೊಟ್ಟಿದೆ, ತೊಟ್ಟಿಲನ್ನು ತಂದುಕೊಟ್ಟಿಲ್ಲ. ಕಗ್ಗವನ್ನು ಕಂಠಪಾಠ ಮಾಡಿದ ಮನೆಯಲ್ಲಿ ಮಗುವಿಗೆ ತಿಮ್ಮನೆಂದು ಹೆಸರಿಡುವುದಿಲ್ಲ. ಚೋಮನಿಗಾಗಿ ಕಣ್ಣೀರು ಸುರಿಸಿದವರು ಮಗನನ್ನು ಚೋಮನೆಂದು ಕರೆಯುವುದಿಲ್ಲ. ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ‘ಪುಟ್ಟ’ ಎಂಬ ಶಬ್ದವನ್ನು ಹೆಸರಿನಲ್ಲಿ ಧರಿಸಿದ ಮೂವರು ಕನ್ನಡನಾಡಿನ ಮೂರು ಕಲೆಗಳನ್ನು ಬೆಳಗಿದರು: ಕಾವ್ಯದಲ್ಲಿ ಕೆ. ವಿ. ಪುಟ್ಟಪ್ಪನವರು, ಸಂಗೀತದಲ್ಲಿ ಗದುಗಿನ ಪುಟ್ಟರಾಜ ಗವಾಯಿಗಳು, ಚಲಚ್ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು. ಮೂವರ ಮುಂದೆಯೂ ನಾಡು ಕೈಮುಗಿಯಿತು. ಪೇಟೆಯ ಶಾಲೆಗಳ ಹಾಜರಿ ಪುಸ್ತಕದಲ್ಲಿ ಮಾತ್ರ ಪುಟ್ಟಪ್ಪ ಅಪರೂಪ. ಸ್ವತಃ ಪುಟ್ಟಪ್ಪನವರೇ ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ ಎಂದು ಹೆಸರಿಟ್ಟರು. ಅವರ ಕೃತಿಗಳ ಮೇಲಿರುವುದೂ ಮೂರು ಮಾತುಗಳ ಮೊದಲಕ್ಷರಗಳಿಂದಾದ ‘ಕುವೆಂಪು’ವೇ.

ಹಳೆಯ ಕಾವ್ಯಗಳ ಸಾಕ್ಷ್ಯವೂ ಇದೇ ಕಡೆಗಿದೆ. ಗದಾಯುದ್ಧದಲ್ಲಿ ರನ್ನನು ದುರ್ಯೋಧನನನ್ನು ಮಹಾನುಭಾವನನ್ನಾಗಿ ಚಿತ್ರಿಸಿದನು. ಅಭಿನವಪಂಪನೆನಿಸಿದ ನಾಗಚಂದ್ರನು ರಾವಣನಿಗೆ ಉದಾತ್ತತೆಯನ್ನಿತ್ತನು. ಸಾವಿರ ವರ್ಷಗಳಿಂದ ಸಹೃದಯರು ಇವೆರಡನ್ನೂ ಕೊಂಡಾಡುತ್ತ ಬಂದಿದ್ದಾರೆ. ಆದರೂ ಕನ್ನಡದ ಮನೆಗಳಲ್ಲಿ ದುರ್ಯೋಧನ, ರಾವಣರೆಂದು ಮಕ್ಕಳನ್ನು ಕರೆಯುವ ವಾಡಿಕೆ ಬೆಳೆಯಲಿಲ್ಲ. ಧರ್ಮಾತ್ಮನೆಂದು ರಾಮಾಯಣವೇ ಹೊಗಳಿದ ವಿಭೀಷಣನ ಹೆಸರೂ ತೊಟ್ಟಿಲಿಗೆ ಬರಲಿಲ್ಲ. ಒಡಹುಟ್ಟಿದವನನ್ನು ಬಿಟ್ಟುಹೋದವನೆಂಬ ನೆನಪು ಅವನ ಎಲ್ಲ ಸದ್ಗುಣಗಳನ್ನೂ ನುಂಗಿತು. ಓದುವ ಮನಸ್ಸು ಒಂದು, ಹೆಸರಿಡುವ ಮನಸ್ಸು ಇನ್ನೊಂದು. ಮೊದಲನೆಯದು ದೂರದಲ್ಲಿ ನಿಂತು ಮರುಕಪಡುತ್ತದೆ. ಎರಡನೆಯದು ಹತ್ತಿರಕ್ಕೆ ಬರಗೊಡುವುದಿಲ್ಲ.

ಮರುಕಕ್ಕೂ ಸಾಮೀಪ್ಯಕ್ಕೂ ಇರುವ ಈ ಅಂತರವೇ ವಿಷಯದ ತಿರುಳು. ಹೆಸರೊಂದನ್ನು ಮಗುವಿಗಿಡುವುದೆಂದರೆ ಆ ಹೆಸರಿನವರ ಸಾಲಿನಲ್ಲಿ ಮಗುವನ್ನು ನಿಲ್ಲಿಸುವುದು. ‘ಎಂಥವನಾದರೂ ಆಗಲಿ, ಇವನು ನಮ್ಮವನು’ ಎಂದು ಮನಸ್ಸು ಒಪ್ಪಿದ ಕಡೆ ಎಷ್ಟು ಒರಟಾದ ಹೆಸರೂ ಉಳಿದುಕೊಳ್ಳುತ್ತದೆ. ಮೊದಲ ಮೊಮ್ಮಗನಿಗೆ ತಂದೆಯ ತಂದೆಯ ಹೆಸರಿಡುವ ಪದ್ಧತಿ ಇದಕ್ಕೆ ಸಾಕ್ಷಿ. ಸೊಸೆಯಾದವಳು ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲವಾದುದರಿಂದ, ಆ ಹೆಸರನ್ನು ಹೊತ್ತ ತನ್ನ ಮಗುವನ್ನೇ ‘ಪುಟ್ಟ’ನೆಂದೋ ‘ಅಪ್ಪಯ್ಯ’ನೆಂದೋ ಕರೆಯುತ್ತಿದ್ದಳು. ಅಲ್ಲಿ ಹಳೆಯ ಹೆಸರು ನಗೆಯ ವಸ್ತುವಾಗಿರಲಿಲ್ಲ; ಉಚ್ಚರಿಸಲಾಗದಷ್ಟು ದೊಡ್ಡದಾಗಿತ್ತು. ಇಂದು ಕೆಲವು ಮನೆಗಳಲ್ಲಿ ಅಜ್ಜನ ಹೆಸರನ್ನು ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಉಸುರಿ, ಶಾಲೆಗೆ ಬೇರೆ ಹೆಸರನ್ನು ಬರೆಯಿಸುವ ರಾಜಿ ನಡೆಯುತ್ತದೆ. ಪೂರ್ವಿಕರಿಗೆ ಕಿವಿಯನ್ನೂ ಲೋಕಕ್ಕೆ ಕಾಗದವನ್ನೂ ಹಂಚಿಕೊಟ್ಟಂತಾಯಿತು.

ಹಾಗಾದರೆ ಹಳೆಯ ಹೆಸರುಗಳನ್ನೆಲ್ಲ ಮತ್ತೆ ಎತ್ತಿ ಇಡಬೇಕೆಂದು ಸಾರುವುದು ನ್ಯಾಯವೇ? ಇಲ್ಲಿ ಅವಸರದಿಂದ ಉತ್ತರಿಸಲಾಗದು. ಹೆಸರನ್ನು ನಿರಾಕರಿಸುವವರು ಇಬ್ಬರಿದ್ದಾರೆ. ಇಬ್ಬರ ನಿರಾಕರಣೆಯೂ ಒಂದೇ ಅಲ್ಲ. ತುಕ್ರನ ಮೊಮ್ಮಗನು ಓದಿ ನೌಕರಿಗೆ ಸೇರಿ ತನ್ನ ಮಗನಿಗೆ ಆದಿತ್ಯನೆಂದು ಹೆಸರಿಟ್ಟರೆ, ಅದು ಬೆಡಗಿನ ಮೋಹವಲ್ಲ. ಯಾರೋ ತಮ್ಮ ಅನುಕೂಲಕ್ಕಾಗಿ ಅಜ್ಜನ ಹಣೆಗೆ ಅಂಟಿಸಿದ್ದ ಗುರುತನ್ನು ಅವನು ಕಿತ್ತೆಸೆಯುತ್ತಿದ್ದಾನೆ. ಸೂರ್ಯನ ಹೆಸರಿನ ಪೂರ್ಣರೂಪಕ್ಕೆ ಆ ಮನೆಗೂ ಹಕ್ಕಿದೆಯೆಂದು ಸಾರುತ್ತಿದ್ದಾನೆ. ಅವನಿಗೆ ದೇಸಿಯ ಹೆಸರನ್ನು ಉಳಿಸಿಕೊಳ್ಳೆಂದು ಉಪದೇಶಿಸುವುದು, ತಾನು ಹೊರದ ಹೊರೆಯನ್ನು ಇನ್ನೊಬ್ಬನು ಇಳಿಸಬಾರದೆಂದು ಹೇಳಿದಂತೆ. ಎರಡನೆಯವನ ಮಾತು ಬೇರೆ. ಆತನ ಮನೆತನಕ್ಕೆ ಆ ಹೆಸರಿನಿಂದ ಯಾವ ನೋವೂ ಆಗಿಲ್ಲ. ತಿಮ್ಮನೆಂದರೆ ಆತನಿಗೆ ನೆನಪಾಗುವುದು ಹಿತ್ತಿಲ ಬಾಗಿಲಲ್ಲಿ ನಿಂತು ಕೂಗಿಗೆ ಓಗೊಡುತ್ತಿದ್ದ ಆಳು. ಆ ಆಳಿನ ಹೆಸರು ತನ್ನ ಮಗನಿಗೆ ಬರಕೂಡದೆಂಬುದೇ ಆತನ ಮನಸ್ಸಿನಲ್ಲಿರುವುದು. ಮೊದಲನೆಯವನದು ಸ್ವಾಭಿಮಾನ, ಎರಡನೆಯವನದು ದೂರೀಕರಣ. ಹೊರನೋಟಕ್ಕೆ ಎರಡೂ ಹೊಸ ಹೆಸರಿನ ಆಯ್ಕೆಯೇ ಆಗಿ ಕಾಣುವುದರಿಂದ, ಅಭಿರುಚಿಯೆಂಬ ಒಂದೇ ಮಾತಿನಲ್ಲಿ ಎರಡನ್ನೂ ಮುಚ್ಚಿಬಿಡುವುದು ವಾಡಿಕೆಯಾಗಿದೆ.

ಬರಹಗಾರನ ಹೊಣೆಯನ್ನೂ ಇದರಿಂದ ಗೊತ್ತುಮಾಡಬಹುದು. ಪ್ರಹಸನದಲ್ಲಿ ನಗೆ ಬರಿಸುವುದಕ್ಕೆ ಬೇರೇನೂ ತೋಚದಾಗ ಪಾತ್ರಕ್ಕೆ ಬೋರನೆಂದೋ ಗುಂಡನೆಂದೋ ನಿಂಗನೆಂದೋ ಹೆಸರಿಟ್ಟು ಸಭಿಕರ ಮುಂದೆ ನಿಲ್ಲಿಸುವುದು ಸುಲಭವಾದ ಉಪಾಯ. ಸಭೆ ನಗುತ್ತದೆ, ಆದರೆ ಅದು ನಗುವುದು ಪಾತ್ರದ ಮಾತಿಗಲ್ಲ, ಪಾತ್ರ ಎಲ್ಲಿಂದ ಬಂತೆಂಬುದಕ್ಕೆ. ಅಂಥ ನಗೆಯೊಂದೊಂದೂ ಹೆಸರಿನ ಮೇಲೆ ಮತ್ತೊಂದು ಪದರ ಮಸಿಯನ್ನು ಬಳಿಯುತ್ತದೆ. ಕಗ್ಗವೂ ಚೋಮನ ದುಡಿಯೂ ಒರಸಿದ ಮಸಿಯನ್ನು ಹೀಗೆ ಮರಳಿ ಬಳಿಯುವುದು ಕಲೆಯಲ್ಲ, ಸೋಮಾರಿತನ. ಹೆಸರನ್ನು ಪಾತ್ರದಿಂದ ಬೆಳಗಿಸಬಲ್ಲವನು ಕವಿ. ಹೆಸರಿನಿಂದ ಪಾತ್ರವನ್ನು ತೀರಿಸಿಬಿಡುವವನು ಕವಿಯಲ್ಲ.

ಮನೆಗಳಿಗೆ ಹೇಳಬೇಕಾದ ಮಾತು ಇನ್ನೂ ಚಿಕ್ಕದು. ಮಗುವಿಗೆ ಯಾವ ಹೆಸರನ್ನಿಡಬೇಕೆಂಬುದು ತಾಯಿತಂದೆಯರ ಹಕ್ಕು. ಅದರಲ್ಲಿ ಸಾಹಿತ್ಯಕ್ಕಾಗಲಿ ಶಾಸ್ತ್ರಕ್ಕಾಗಲಿ ಬಲವಂತವಿಲ್ಲ. ಅಜ್ಜಿ ಹೇಳಿದ ಹೆಸರನ್ನು ಬಿಡುವುದಾದರೆ ಬಿಡಲಿ. ಬಿಡುವ ಮುನ್ನ, ಆ ಹೆಸರನ್ನು ಕೇಳಿದೊಡನೆ ಕಣ್ಣ ಮುಂದೆ ಬಂದವನು ಯಾರು, ಅವನು ಮನೆಗೆ ಏನೇನು ದುಡಿದುಕೊಟ್ಟಿದ್ದ, ಅವನನ್ನು ಹೇಗೆ ಕರೆಯುತ್ತಿದ್ದರು ಎಂಬುದನ್ನು ಒಂದು ಗಳಿಗೆ ನೆನೆಯಲಿ. ಆಮೇಲೂ ಬೇಡವೆನಿಸಿದರೆ ಬೇಡ. ಆ ಬೇಡವೆಂಬುದರ ಕಾರಣವನ್ನು ಮಾತ್ರ ಕಿವಿಯ ಮೇಲೆ ಹೊರಿಸದಿರಲಿ.